ಗಣಕಯಂತ್ರ ನಿಧಾನವಾಗಿ ಆರಂಭವಾಗುತ್ತಿದ್ದಲ್ಲಿ ಪರಿಶೀಲಿಸಬೇಕಾದ ಅಂಶಗಳು: ಹಾರ್ಡ್ ಡಿಸ್ಕ್ ಜೋಡಣೆ ಮತ್ತು ವ್ಯವಸ್ಥೆ

(ಸಾರ್ವಜನಿಕರ ಮಾಹಿತಿಗಾಗಿ)

1. ಉದ್ದೇಶ

ಸರ್ಕಾರದ ಹಲವಾರು ಸೇವೆಗಳಿಗೆ ಸೇವಾ ಸಿಂಧು ಮುಂತಾದ ಜಾಲತಾಣಗಳ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ. ಅರ್ಜಿದಾರರಲ್ಲಿ ಅನೇಕರು ಮನೆಯಲ್ಲಿರುವ ಹಳೆಯ ಗಣಕಯಂತ್ರವನ್ನೇ ಈ ಕೆಲಸಕ್ಕೆ ಬಳಸುತ್ತಾರೆ. ಗುಂಡಿ ಒತ್ತಿದ ನಂತರ ಯಂತ್ರವು ಸಿದ್ಧವಾಗಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ಕೊನೆಯ ದಿನದಂದು ಯಂತ್ರ ಏಳಲೇ ಇಲ್ಲ ಎಂಬ ಮಾತು ವಿಚಾರಣಾ ಕೌಂಟರಿನಲ್ಲಿ ಆಗಾಗ್ಗೆ ಕೇಳಿಬರುತ್ತದೆ.

ಇಂತಹ ಸಂದರ್ಭದಲ್ಲಿ ಯಂತ್ರ ಹಳೆಯದಾಯಿತೆಂದು ಹೊಸದನ್ನು ಖರೀದಿಸುವುದು, ಇಲ್ಲವೇ ಪರಿಚಿತರ ಸಲಹೆಯಂತೆ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸುವುದು ರೂಢಿಯಲ್ಲಿದೆ. ಮೊದಲನೆಯದರಿಂದ ಅನಗತ್ಯ ವೆಚ್ಚವಾಗಬಹುದು. ಎರಡನೆಯದರಿಂದ ವರ್ಷಗಳಿಂದ ಕೂಡಿಟ್ಟ ದಾಖಲೆಗಳು ಅಳಿಸಿಹೋಗುತ್ತವೆ. ವಿಳಂಬವು ಯಾವ ಹಂತದಲ್ಲಿ ಆಗುತ್ತಿದೆ ಎಂಬುದನ್ನು ಮೊದಲು ಗುರುತಿಸಿದಲ್ಲಿ ಈ ಎರಡೂ ನಷ್ಟಗಳನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿರುತ್ತದೆ. ಇದಕ್ಕಾಗಿ ಅನುಸರಿಸಬೇಕಾದ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

2. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ

ಯಂತ್ರವು ಇತ್ತೀಚೆಗೆ ಇದ್ದಕ್ಕಿದ್ದಂತೆ ನಿಧಾನವಾಗಿದ್ದಲ್ಲಿ ಅದು ಹಾರ್ಡ್ ಡಿಸ್ಕ್ ಕೆಡುತ್ತಿರುವುದರ ಮೊದಲ ಸೂಚನೆಯಾಗಿರಬಹುದು. ಆದುದರಿಂದ ಯಾವುದೇ ಬದಲಾವಣೆ ಮಾಡುವ ಮುನ್ನ ಈ ಕೆಳಕಂಡವುಗಳನ್ನು ಪೆನ್ ಡ್ರೈವ್ ಅಥವಾ ಹೊರ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಳ್ಳತಕ್ಕದ್ದು.

(ಅ) ಸ್ಕ್ಯಾನ್ ಮಾಡಿದ ಪ್ರಮಾಣಪತ್ರಗಳು, ಅಂಕಪಟ್ಟಿಗಳು, ಪಹಣಿ ಮತ್ತು ಕ್ರಯಪತ್ರದ ಪ್ರತಿಗಳು, ಭಾವಚಿತ್ರ ಹಾಗೂ ಸಹಿಯ ಕಡತಗಳು.

(ಆ) ಈಗಾಗಲೇ ಸಲ್ಲಿಸಿದ ಅರ್ಜಿಗಳ ಸ್ವೀಕೃತಿ ಪತ್ರಗಳು ಮತ್ತು ಹಣ ಪಾವತಿಯ ರಸೀದಿಗಳು.

(ಇ) ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳಿದ್ದಲ್ಲಿ, ಆ ಅಕ್ಷರಶೈಲಿಯ ಕಡತಗಳನ್ನೂ ಜೊತೆಯಲ್ಲಿಯೇ ಪ್ರತಿ ಮಾಡಿಕೊಳ್ಳುವುದು. ಇಲ್ಲವಾದಲ್ಲಿ ಬೇರೆ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

(ಈ) ಯಂತ್ರದಲ್ಲಿ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಷನ್' ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ರಿಕವರಿ ಕೀ. ಮುಂದೆ ತಿಳಿಸಿರುವ ಕೆಲವು ವ್ಯವಸ್ಥೆಗಳನ್ನು ಬದಲಿಸಿದಾಗ ಯಂತ್ರವು ಈ ಸಂಖ್ಯೆಯನ್ನು ಕೇಳಬಹುದು. ಸಂಖ್ಯೆ ಇಲ್ಲದಿದ್ದಲ್ಲಿ ಡಿಸ್ಕಿನಲ್ಲಿರುವ ಮಾಹಿತಿಯು ಮಾಲೀಕರಿಗೂ ದೊರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಮೂಲಕ ಲಾಗಿನ್ ಆಗುವ ಯಂತ್ರಗಳಲ್ಲಿ ಈ ಸಂಖ್ಯೆಯು ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು.

ಡಿಸ್ಕಿನಿಂದ ಟಕ್ ಟಕ್ ಎಂಬ ಶಬ್ದ ಒಂದೇ ಲಯದಲ್ಲಿ ಕೇಳಿಬರುತ್ತಿದ್ದಲ್ಲಿ ಯಂತ್ರವನ್ನು ಪದೇ ಪದೇ ಆರಂಭಿಸಿ ನೋಡಬಾರದು. ಅಂತಹ ಡಿಸ್ಕ್ ಪ್ರತಿ ಬಾರಿ ತಿರುಗಿದಾಗಲೂ ಮಾಹಿತಿ ಕಳೆದುಹೋಗುವ ಸಂಭವ ಹೆಚ್ಚಾಗುತ್ತದೆ.

3. ಯಂತ್ರ ಆರಂಭವಾಗುವ ಹಂತಗಳು

ಲೆಕ್ಕಪತ್ರದಲ್ಲಿ ವ್ಯತ್ಯಾಸ ಕಂಡುಬಂದಾಗ ಇಡೀ ಪುಸ್ತಕವನ್ನು ತಿದ್ದುವುದಿಲ್ಲ. ವ್ಯತ್ಯಾಸ ಯಾವ ಪುಟದಿಂದ ಆರಂಭವಾಯಿತೆಂಬುದನ್ನು ಹುಡುಕಲಾಗುತ್ತದೆ. ಇಲ್ಲಿಯೂ ಅದೇ ಕ್ರಮ ಅನ್ವಯಿಸುತ್ತದೆ. ಯಂತ್ರವು ಮೂರು ಹಂತಗಳಲ್ಲಿ ಆರಂಭವಾಗುತ್ತದೆ.

ಮೊದಲ ಹಂತ: ಗುಂಡಿ ಒತ್ತಿದಾಗಿನಿಂದ ವಿಂಡೋಸ್ ಲಾಂಛನದ ಕೆಳಗೆ ಚುಕ್ಕೆಗಳು ಸುತ್ತಲಾರಂಭಿಸುವವರೆಗೆ. ಈ ಅವಧಿಯಲ್ಲಿ ಬಯಾಸ್ ಅಥವಾ ಯುಇಎಫ್‌ಐ ಎಂಬ ಮೂಲ ತಂತ್ರಾಂಶವು ಯಂತ್ರದ ಭಾಗಗಳನ್ನು ಪರೀಕ್ಷಿಸಿ, ಜೋಡಿಸಿರುವ ಡಿಸ್ಕುಗಳನ್ನು ಗುರುತಿಸಿ, ಯಾವುದರಿಂದ ಆರಂಭಿಸಬೇಕೆಂದು ನಿರ್ಧರಿಸುತ್ತದೆ.

ಎರಡನೆಯ ಹಂತ: ಚುಕ್ಕೆಗಳು ಸುತ್ತಲಾರಂಭಿಸಿದಾಗಿನಿಂದ ಪಾಸ್‌ವರ್ಡ್ ಕೇಳುವ ಪರದೆಯವರೆಗೆ. ಇಲ್ಲಿ ವಿಂಡೋಸ್ ತನ್ನ ಕಡತಗಳನ್ನು ಡಿಸ್ಕಿನಿಂದ ಓದಿಕೊಳ್ಳುತ್ತದೆ.

ಮೂರನೆಯ ಹಂತ: ಪಾಸ್‌ವರ್ಡ್ ನೀಡಿದ ನಂತರ ಯಂತ್ರವು ಕೆಲಸಕ್ಕೆ ಸಿದ್ಧವಾಗುವವರೆಗೆ.

ಕೈಗಡಿಯಾರ ನೋಡಿಕೊಂಡು ಪ್ರತಿ ಹಂತಕ್ಕೆ ಎಷ್ಟು ಸಮಯ ಹಿಡಿಯಿತೆಂದು ಸತತ ಮೂರು ದಿನ ಬರೆದಿಟ್ಟುಕೊಳ್ಳುವುದು. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಿರುವ ಯುಇಎಫ್‌ಐ ಯಂತ್ರಗಳಲ್ಲಿ ಮೊದಲ ಹಂತದ ಅವಧಿಯನ್ನು ಯಂತ್ರವೇ ತಿಳಿಸುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ 'ಟಾಸ್ಕ್ ಮ್ಯಾನೇಜರ್' ತೆರೆದು, 'ಸ್ಟಾರ್ಟ್‌ಅಪ್' ವಿಭಾಗಕ್ಕೆ ಹೋದಲ್ಲಿ ಬಲಭಾಗದ ಮೇಲ್ತುದಿಯಲ್ಲಿ 'ಲಾಸ್ಟ್ ಬಯಾಸ್ ಟೈಮ್' ಎಂದು ಸೆಕೆಂಡುಗಳಲ್ಲಿ ನಮೂದಾಗಿರುತ್ತದೆ. ಸಾಮಾನ್ಯವಾಗಿ ಇದು 20 ಸೆಕೆಂಡುಗಳೊಳಗೆ ಇರುತ್ತದೆ. ಇದು ಒಂದು ನಿಮಿಷ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ದೋಷವು ವಿಂಡೋಸಿನದಲ್ಲ. ವಿಂಡೋಸನ್ನು ಮತ್ತೆ ಅಳವಡಿಸುವುದರಿಂದ ಅಂತಹ ವಿಳಂಬವು ನಿವಾರಣೆಯಾಗುವುದಿಲ್ಲ.

4. ಮೊದಲ ಹಂತದಲ್ಲಿ ವಿಳಂಬವಾಗುತ್ತಿದ್ದಲ್ಲಿ

4.1 ಆರಂಭದ ಕ್ರಮ: ಯಾವ ಸಾಧನದಿಂದ ಮೊದಲು ಆರಂಭಿಸಬೇಕೆಂಬ ಪಟ್ಟಿಯು ಬಯಾಸಿನಲ್ಲಿರುತ್ತದೆ. ಅದರಲ್ಲಿ ನೆಟ್‌ವರ್ಕ್, ಸಿ.ಡಿ. ಅಥವಾ ಯುಎಸ್‌ಬಿ ಮೊದಲ ಸ್ಥಾನದಲ್ಲಿದ್ದರೆ ಯಂತ್ರವು ಪ್ರತಿ ಬಾರಿ ಅವುಗಳಿಗಾಗಿ ಕಾದು, ಉತ್ತರ ಬಾರದೆ ಇದ್ದ ಮೇಲೆ ಹಾರ್ಡ್ ಡಿಸ್ಕಿನ ಬಳಿ ಬರುತ್ತದೆ. ಮೊದಲು ಪೆನ್ ಡ್ರೈವ್, ಹೊರ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲವನ್ನೂ ತೆಗೆದು ಆರಂಭಿಸಿ ನೋಡುವುದು. ನಂತರವೂ ವಿಳಂಬವಿದ್ದಲ್ಲಿ, ಯಂತ್ರ ಆರಂಭವಾಗುವಾಗ ಪರದೆಯ ಮೇಲೆ ಸೂಚಿಸಿದ ಕೀಲಿಯನ್ನು (ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2) ಒತ್ತಿ ಬಯಾಸ್ ಪ್ರವೇಶಿಸಿ, ವಿಂಡೋಸ್ ಇರುವ ಡಿಸ್ಕನ್ನು ಮೊದಲ ಸ್ಥಾನಕ್ಕೆ ತರುವುದು. ಯುಇಎಫ್‌ಐ ಯಂತ್ರಗಳಲ್ಲಿ ಇದೇ ಸ್ಥಾನದಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂದು ಇರುತ್ತದೆ. ಬೇರೆ ಯಾವ ವ್ಯವಸ್ಥೆಯನ್ನೂ ಬದಲಿಸದೆ, ಉಳಿಸಿ ಹೊರಬರತಕ್ಕದ್ದು.

4.2 ಮದರ್‌ಬೋರ್ಡಿನ ಬ್ಯಾಟರಿ: ಬಯಾಸಿನ ವ್ಯವಸ್ಥೆಗಳು ಮತ್ತು ಗಡಿಯಾರವನ್ನು ಮದರ್‌ಬೋರ್ಡಿನ ಮೇಲಿರುವ 3 ವೋಲ್ಟ್‌ನ ನಾಣ್ಯದಾಕಾರದ ಸಣ್ಣ ಬ್ಯಾಟರಿಯು ಕಾಯುತ್ತದೆ. ಮೇಜಿನ ಗಣಕಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಸಿಆರ್2032 ಮಾದರಿಯದಾಗಿರುತ್ತದೆ. ಬ್ಯಾಟರಿ ಮುಗಿದಾಗ ವಿದ್ಯುತ್ ಸಂಪರ್ಕ ಕಡಿತವಾದ ಪ್ರತಿ ಸಂದರ್ಭದಲ್ಲಿಯೂ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಅನೇಕ ಯಂತ್ರಗಳಲ್ಲಿ ವ್ಯವಸ್ಥೆಗಳು ಸಹ ಕಾರ್ಖಾನೆಯ ಮೂಲ ಸ್ಥಿತಿಗೆ ಮರಳುತ್ತವೆ.

ನಿದರ್ಶನ: ಈ ಶಾಖೆಯ ಒಂದು ಗಣಕಯಂತ್ರವು ಸೋಮವಾರ ಬೆಳಿಗ್ಗೆ ಮಾತ್ರ ಬಹಳ ನಿಧಾನವಾಗಿ ಆರಂಭವಾಗುತ್ತಿತ್ತು, ಉಳಿದ ದಿನಗಳಲ್ಲಿ ಸರಿಯಾಗಿರುತ್ತಿತ್ತು. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ತಿಳಿದು ಹೊಸದಕ್ಕೆ ದರಪಟ್ಟಿಯನ್ನೂ ಪಡೆಯಲಾಗಿತ್ತು. ವಾರಾಂತ್ಯದಲ್ಲಿ ಮಾತ್ರ ಕೊಠಡಿಯ ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕಲಾಗುತ್ತಿತ್ತು ಎಂಬುದು ಆಗ ಯಾರ ಗಮನಕ್ಕೂ ಬಂದಿರಲಿಲ್ಲ. ಸೋಮವಾರ ಪರದೆಯ ಮೇಲೆ ಎಫ್1 ಒತ್ತುವಂತೆ ಸಂದೇಶ ಬರುತ್ತಿತ್ತು. ಮೊದಲು ಬಂದ ಸಿಬ್ಬಂದಿ ಅದನ್ನು ಒತ್ತಿ ಮುಂದುವರಿಯುತ್ತಿದ್ದರು. ಆರಂಭದ ಕ್ರಮದಲ್ಲಿ ನೆಟ್‌ವರ್ಕ್ ಮೊದಲ ಸ್ಥಾನಕ್ಕೆ ಮರಳಿರುತ್ತಿದ್ದುದರಿಂದ ಯಂತ್ರವು ಅಲ್ಲಿ ಕಾಯುತ್ತಿತ್ತು. ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗಿದ್ದ ಕಾರಣ ಅಂದು ಸಿದ್ಧಪಡಿಸಿದ ಕರಡು ಪತ್ರಗಳು ದಿನಾಂಕವಾರು ಪಟ್ಟಿಯಲ್ಲಿ ಸಿಗುತ್ತಿರಲಿಲ್ಲ. ನೂರು ರೂಪಾಯಿಗೂ ಕಡಿಮೆ ಬೆಲೆಯ ಬ್ಯಾಟರಿ ಬದಲಿಸಿ, ಆರಂಭದ ಕ್ರಮವನ್ನು ಸರಿಪಡಿಸಿದ ಮೇಲೆ ಎಲ್ಲವೂ ಸರಿಹೋಯಿತು. ದರಪಟ್ಟಿಯನ್ನು ಕಡತದಲ್ಲಿಯೇ ಮುಕ್ತಾಯಗೊಳಿಸಲಾಯಿತು.

ಅರ್ಜಿದಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಯಂತ್ರದ ದಿನಾಂಕ ತಪ್ಪಾಗಿದ್ದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯದೆ ಎಚ್ಚರಿಕೆ ಸಂದೇಶ ಬರುತ್ತದೆ. ಇಲಾಖೆಯ ಜಾಲತಾಣ ಕೆಟ್ಟಿದೆ ಎಂದು ಭಾವಿಸುವ ಮುನ್ನ ಪರದೆಯ ಮೂಲೆಯಲ್ಲಿರುವ ದಿನಾಂಕ ಮತ್ತು ವೇಳೆಯನ್ನು ಒಮ್ಮೆ ನೋಡುವುದು.

4.3 ಕೇಬಲ್ ಸಡಿಲವಾಗಿರುವುದು: ಯಂತ್ರವನ್ನು ಬೇರೆಡೆಗೆ ಸಾಗಿಸಿದ ಅಥವಾ ಧೂಳು ತೆಗೆಸಿದ ನಂತರ ವಿಳಂಬ ಆರಂಭವಾಗಿದ್ದಲ್ಲಿ ಇದೇ ಕಾರಣವಿರುವ ಸಂಭವ ಹೆಚ್ಚು. ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆದು, ಡಿಸ್ಕಿನ ಸಾಟಾ ಕೇಬಲ್ಲಿನ ಎರಡೂ ತುದಿಗಳನ್ನು ಬಿಡಿಸಿ ಮತ್ತೆ ಭದ್ರವಾಗಿ ಸೇರಿಸಬೇಕು. ಕೇಬಲ್ ಬದಲಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಆದುದರಿಂದ ಡಿಸ್ಕ್ ಬದಲಿಸುವ ಮುನ್ನ ಕೇಬಲ್ ಬದಲಿಸಿ ನೋಡತಕ್ಕದ್ದು.

4.4 ಎರಡನೆಯ ಡಿಸ್ಕ್: ಹೆಚ್ಚುವರಿಯಾಗಿ ಜೋಡಿಸಿದ ಹಳೆಯ ಡಿಸ್ಕ್ ಕೆಡುತ್ತಿದ್ದಲ್ಲಿ, ಅದರಲ್ಲಿ ವಿಂಡೋಸ್ ಇಲ್ಲದಿದ್ದರೂ ಅದರ ಉತ್ತರಕ್ಕಾಗಿ ಯಂತ್ರವು ಕಾಯುತ್ತದೆ. ಆ ಡಿಸ್ಕಿನ ಕೇಬಲ್ ಬಿಡಿಸಿ ಆರಂಭಿಸಿದಾಗ ವಿಳಂಬ ಇಲ್ಲವಾದಲ್ಲಿ ಕಾರಣ ತಿಳಿದಂತಾಯಿತು. ಕೇಬಲ್ ಬಿಡಿಸಿದಾಗ ಯಂತ್ರವೇ ಆರಂಭವಾಗದಿದ್ದಲ್ಲಿ ಕ್ರಮಾಂಕ 5.1 ನ್ನು ನೋಡುವುದು.

4.5 ಅಗಲ ಪಟ್ಟಿಯ ಕೇಬಲ್ ಇರುವ ಹಳೆಯ ಯಂತ್ರಗಳು: ಇವುಗಳಲ್ಲಿ ಒಂದೇ ಕೇಬಲ್ಲಿಗೆ ಎರಡು ಸಾಧನಗಳನ್ನು ಜೋಡಿಸಲಾಗುತ್ತಿತ್ತು. ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಹಿಂಬದಿಯ ಜಂಪರ್ ಮೂಲಕ ಗುರುತಿಸಬೇಕಾಗುತ್ತದೆ. ಎರಡೂ ಮಾಸ್ಟರ್ ಆಗಿದ್ದರೆ ಯಂತ್ರವು ಡಿಸ್ಕುಗಳನ್ನು ಗುರುತಿಸಲು ಬಹಳ ಸಮಯ ತೆಗೆದುಕೊಳ್ಳಬಹುದು, ಅಥವಾ ಗುರುತಿಸದೆಯೂ ಇರಬಹುದು. ಜಂಪರಿನ ಸ್ಥಾನವು ಡಿಸ್ಕಿನ ಮೇಲಿನ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ.

5. ಎರಡನೆಯ ಹಂತದಲ್ಲಿ ವಿಳಂಬವಾಗುತ್ತಿದ್ದಲ್ಲಿ

ವಿಂಡೋಸ್ ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಕಡತವು ಓದುವ ಮುಳ್ಳಿನ ಕೆಳಗೆ ಬರುವವರೆಗೆ ಪ್ರತಿ ಬಾರಿ ಕಾಯಬೇಕು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಇರುವುದಿಲ್ಲ. ಆರಂಭದ ಸಮಯದಲ್ಲಿ ಇವೆರಡರ ನಡುವೆ ಕಾಣುವ ದೊಡ್ಡ ವ್ಯತ್ಯಾಸಕ್ಕೆ ಇದೇ ಮುಖ್ಯ ಕಾರಣ.

5.1 ಎಸ್‌ಎಸ್‌ಡಿ ಹಾಕಿಸಿದ ಮೇಲೂ ನಿಧಾನ: ಹಣ ಕೊಟ್ಟು ಎಸ್‌ಎಸ್‌ಡಿ ಹಾಕಿಸಿಯೂ ಪ್ರಯೋಜನವಾಗಲಿಲ್ಲ ಎಂಬುದು ಸಾಮಾನ್ಯವಾದ ದೂರು. ಹೊಸ ಡಿಸ್ಕನ್ನು ಜೋಡಿಸಿದರೂ ವಿಂಡೋಸ್ ಹಳೆಯದರಲ್ಲಿಯೇ ಉಳಿದಿರುವುದು ಇದಕ್ಕೆ ಕಾರಣವಾಗಿರಬಹುದು. ಇದನ್ನು ಪರಿಶೀಲಿಸಲು ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯುವುದು. ಅಲ್ಲಿ ಪ್ರತಿ ವಿಭಾಗದ ಕೆಳಗೆ ವಿವರವಿರುತ್ತದೆ. 'ಬೂಟ್' ಎಂದು ಬರೆದಿರುವ ವಿಭಾಗದಲ್ಲಿ ವಿಂಡೋಸ್ ಇರುತ್ತದೆ. 'ಸಿಸ್ಟಂ' ಎಂದು ಬರೆದಿರುವ ವಿಭಾಗದಲ್ಲಿ ಯಂತ್ರವನ್ನು ಆರಂಭಿಸುವ ಕಡತಗಳಿರುತ್ತವೆ. ಹೆಸರುಗಳು ಅದಲುಬದಲಾದಂತೆ ತೋರಿದರೂ ವಾಸ್ತವ ಹೀಗೆಯೇ ಇರುತ್ತದೆ.

'ಬೂಟ್' ಹೊಸ ಡಿಸ್ಕಿನಲ್ಲಿದ್ದು 'ಸಿಸ್ಟಂ' ಹಳೆಯದರಲ್ಲಿ ಉಳಿದಿದ್ದರೆ, ಹಳೆಯ ಡಿಸ್ಕ್ ಕೆಟ್ಟ ದಿನ ಹೊಸ ಡಿಸ್ಕ್ ಸರಿಯಿದ್ದರೂ ಯಂತ್ರ ಆರಂಭವಾಗುವುದಿಲ್ಲ. ಎರಡೂ ಡಿಸ್ಕುಗಳನ್ನು ಜೋಡಿಸಿಟ್ಟುಕೊಂಡೇ ವಿಂಡೋಸ್ ಅಳವಡಿಸಿದಾಗ ಹೀಗಾಗುವುದುಂಟು. ಹಳೆಯ ಡಿಸ್ಕನ್ನು ಬಿಡಿಸಿಟ್ಟು, ಹೊಸದರಲ್ಲಿ ಮಾತ್ರ ವಿಂಡೋಸ್ ಅಳವಡಿಸುವಂತೆ ತಂತ್ರಜ್ಞರಿಗೆ ಮೊದಲೇ ತಿಳಿಸತಕ್ಕದ್ದು.

5.2 ಸಾಟಾ ವಿಧಾನ: ಬಯಾಸಿನಲ್ಲಿ ಸಾಟಾ ಡಿಸ್ಕುಗಳಿಗೆ ಐಡಿಇ, ಎಎಚ್‌ಸಿಐ, ರೇಡ್ ಎಂಬ ವಿಧಾನಗಳಿರುತ್ತವೆ. ಐಡಿಇ ಹಳೆಯ ತಂತ್ರಾಂಶಗಳಿಗಾಗಿ ಉಳಿಸಿಕೊಂಡ ವಿಧಾನ. ಎಸ್‌ಎಸ್‌ಡಿಗೆ ಎಎಚ್‌ಸಿಐ ಸೂಕ್ತ. ಆದರೆ ವಿಂಡೋಸ್ ಒಂದು ವಿಧಾನದಲ್ಲಿ ಅಳವಡಿಕೆಯಾಗಿದ್ದು, ನಂತರ ಬಯಾಸಿನಲ್ಲಿ ಮಾತ್ರ ಇನ್ನೊಂದಕ್ಕೆ ಬದಲಿಸಿದಲ್ಲಿ ನೀಲಿ ಪರದೆ ಕಾಣಿಸಿಕೊಂಡು ಯಂತ್ರವು ಆರಂಭವಾಗದೇ ಇರಬಹುದು. ಅಂತಹ ಸಂದರ್ಭದಲ್ಲಿ ಗಾಬರಿಯಿಂದ ಫಾರ್ಮ್ಯಾಟ್ ಮಾಡಬಾರದು. ಮೊದಲಿದ್ದ ವಿಧಾನಕ್ಕೆ ಮರಳಿಸಿದಲ್ಲಿ ಸಾಮಾನ್ಯವಾಗಿ ಯಂತ್ರವು ಹಿಂದಿನಂತೆ ಆರಂಭವಾಗುತ್ತದೆ. ಬ್ಯಾಟರಿ ಮುಗಿದು ವ್ಯವಸ್ಥೆಗಳು ಬದಲಾದ ಯಂತ್ರಗಳಲ್ಲಿಯೂ ಇದೇ ತೊಂದರೆ ಉಂಟಾಗಬಹುದು. ಈ ವಿಧಾನವನ್ನು ಬದಲಿಸುವುದಿದ್ದಲ್ಲಿ ತಂತ್ರಜ್ಞರ ಮೂಲಕವೇ ಮಾಡಿಸುವುದು ಸೂಕ್ತ.

5.3 ಹಠಾತ್ ವಿದ್ಯುತ್ ಕಡಿತ: ಯಂತ್ರ ಚಾಲನೆಯಲ್ಲಿರುವಾಗ ವಿದ್ಯುತ್ ಹೋದಲ್ಲಿ ಡಿಸ್ಕಿನಲ್ಲಿ ಬರೆಯುತ್ತಿದ್ದ ಮಾಹಿತಿಯು ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಬಾರಿ ವಿಂಡೋಸ್ ಡಿಸ್ಕನ್ನು ಪರಿಶೀಲಿಸಲು ಸಮಯ ತೆಗೆದುಕೊಳ್ಳಬಹುದು. ಒಮ್ಮೆ ನಡೆದಲ್ಲಿ ಪೂರ್ಣಗೊಳ್ಳಲು ಬಿಡುವುದು. ನಡುವೆ ಯಂತ್ರವನ್ನು ಆರಿಸಬಾರದು. ವಿದ್ಯುತ್ ಕಡಿತವಿಲ್ಲದೆಯೂ ಪ್ರತಿ ದಿನ ಪರಿಶೀಲನೆ ನಡೆಯುತ್ತಿದ್ದಲ್ಲಿ ಡಿಸ್ಕ್ ಕೆಡುತ್ತಿದೆ ಎಂದು ತಿಳಿಯತಕ್ಕದ್ದು. ನಾವಾಗಿಯೇ ಪರಿಶೀಲಿಸಲು, ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ನಂತರ 'ಟೂಲ್ಸ್', ಅಲ್ಲಿ 'ಚೆಕ್' ಆಯ್ಕೆ ಮಾಡುವುದು. ದಾಖಲೆಗಳ ಪ್ರತಿ ಮಾಡಿಕೊಳ್ಳದೆ ಈ ಪರಿಶೀಲನೆ ನಡೆಸಬಾರದು. ಯುಪಿಎಸ್ ಬಳಸುವುದರಿಂದ ಈ ತೊಂದರೆ ಬಹುಪಾಲು ತಪ್ಪುತ್ತದೆ.

5.4 ಚದುರಿದ ಕಡತಗಳು: ಹಾರ್ಡ್ ಡಿಸ್ಕಿನಲ್ಲಿ ಒಂದೇ ಕಡತದ ಭಾಗಗಳು ಬೇರೆ ಬೇರೆ ಕಡೆ ಚದುರಿರಬಹುದು. ಒಂದೇ ಖಾತೆಯ ನಮೂದುಗಳು ನಾಲ್ಕು ಪುಸ್ತಕಗಳಲ್ಲಿದ್ದಂತೆ. 'ಡಿಫ್ರಾಗ್ಮೆಂಟ್ ಆ್ಯಂಡ್ ಆಪ್ಟಿಮೈಸ್ ಡ್ರೈವ್ಸ್' ಎಂಬ ಸೌಲಭ್ಯವು ಇವನ್ನು ಒಂದೆಡೆ ಸೇರಿಸುತ್ತದೆ. ಎಸ್‌ಎಸ್‌ಡಿಗೆ ಈ ರೀತಿಯ ಜೋಡಣೆಯ ಅವಶ್ಯಕತೆ ಇರುವುದಿಲ್ಲ. ಸಿ ಡ್ರೈವಿನಲ್ಲಿ ಸಾಕಷ್ಟು ಖಾಲಿ ಸ್ಥಳ ಇರುವಂತೆ ನೋಡಿಕೊಳ್ಳುವುದೂ ಅವಶ್ಯಕ.

5.5 ವಿಂಡೋಸ್ ಎಕ್ಸ್‌ಪಿ ಯಂತ್ರಗಳು: ಹಳೆಯ ಲೆಕ್ಕಪತ್ರದ ತಂತ್ರಾಂಶಕ್ಕಾಗಿ ಇಂತಹ ಯಂತ್ರವನ್ನು ಉಳಿಸಿಕೊಂಡವರ ಗಮನಕ್ಕೆ. ಪಟ್ಟಿ ಕೇಬಲ್ಲಿನ ಡಿಸ್ಕ್ ಓದುವಾಗ ಆರು ಬಾರಿ ದೋಷ ಉಂಟಾದಲ್ಲಿ ಎಕ್ಸ್‌ಪಿ ವರ್ಗಾವಣೆಯ ವೇಗವನ್ನು ಒಂದು ಹಂತ ಇಳಿಸುತ್ತದೆ. ಹೀಗೆ ಇಳಿಯುತ್ತಾ ಕೊನೆಗೆ ಪಿಐಒ ಎಂಬ ಅತಿ ನಿಧಾನ ವಿಧಾನಕ್ಕೆ ಬಂದು ನಿಲ್ಲುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ಸಾಮರ್ಥ್ಯದ ಸಂಪರ್ಕವು 16.7 ಮೆಗಾಬೈಟ್ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಕೇಬಲ್ ಬದಲಿಸಿ, 'ಡಿವೈಸ್ ಮ್ಯಾನೇಜರ್'ನಲ್ಲಿ ಆ ಐಡಿಇ ಚಾನೆಲನ್ನು ತೆಗೆದುಹಾಕಿ ಯಂತ್ರವನ್ನು ಮತ್ತೆ ಆರಂಭಿಸಿದಲ್ಲಿ ಮೊದಲಿನ ವೇಗ ಮರಳುತ್ತದೆ. ಎಕ್ಸ್‌ಪಿಗೆ ಸುರಕ್ಷತಾ ಬೆಂಬಲವು 8 ಏಪ್ರಿಲ್ 2014 ರಂದೇ ಮುಗಿದಿರುವುದರಿಂದ ಅಂತಹ ಯಂತ್ರದಲ್ಲಿ ಅರ್ಜಿ ಸಲ್ಲಿಕೆ, ಹಣ ಪಾವತಿ ಮಾಡಬಾರದು.

6. ಮೂರನೆಯ ಹಂತದಲ್ಲಿ ವಿಳಂಬವಾಗುತ್ತಿದ್ದಲ್ಲಿ

ಪಾಸ್‌ವರ್ಡ್ ನೀಡಿದ ನಂತರ ಮಾತ್ರ ನಿಧಾನವಾಗಿದ್ದಲ್ಲಿ, ತಾವಾಗಿಯೇ ತೆರೆದುಕೊಳ್ಳುವ ತಂತ್ರಾಂಶಗಳು ಕಾರಣವಾಗಿರುತ್ತವೆ. 'ಟಾಸ್ಕ್ ಮ್ಯಾನೇಜರ್'ನ 'ಸ್ಟಾರ್ಟ್‌ಅಪ್' ಪಟ್ಟಿಯಲ್ಲಿ ಅಗತ್ಯವಿಲ್ಲದವುಗಳನ್ನು 'ಡಿಸೇಬಲ್' ಮಾಡುವುದು. ವೈರಸ್ ನಿರೋಧಕ ತಂತ್ರಾಂಶವನ್ನು ಹಾಗೂ ಗುರುತಿಸಲಾಗದ ಹೆಸರಿನವುಗಳನ್ನು ವಿಚಾರಿಸದೆ ನಿಲ್ಲಿಸಬಾರದು. ಅದೇ ಪರದೆಯಲ್ಲಿ 'ಡಿಸ್ಕ್' ಬಳಕೆಯು ಬಹಳ ಹೊತ್ತು ಶೇಕಡ 100 ರಲ್ಲಿಯೇ ನಿಂತಿದ್ದರೆ ಕ್ರಮಾಂಕ 5 ರಲ್ಲಿನ ಅಂಶಗಳನ್ನು ಪರಿಶೀಲಿಸುವುದು.

7. ದುರಸ್ತಿಗೆ ನೀಡುವಾಗ ವಹಿಸಬೇಕಾದ ಎಚ್ಚರಿಕೆ

(ಅ) ಯಾವ ಹಂತದಲ್ಲಿ ಎಷ್ಟು ಸಮಯ ಹಿಡಿಯುತ್ತದೆ ಎಂದು ಬರೆದಿಟ್ಟ ಚೀಟಿಯನ್ನು ತಂತ್ರಜ್ಞರಿಗೆ ತೋರಿಸುವುದು. "ಯಂತ್ರ ನಿಧಾನ" ಎಂದಷ್ಟೇ ಹೇಳಿದಲ್ಲಿ ಫಾರ್ಮ್ಯಾಟ್ ಮಾಡುವುದೇ ಸುಲಭ ಪರಿಹಾರವಾಗಿ ಕಾಣುತ್ತದೆ.

(ಆ) ತಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಫಾರ್ಮ್ಯಾಟ್ ಮಾಡಬಾರದೆಂದು ರಸೀದಿಯ ಮೇಲೆ ಬರೆಸಿಕೊಳ್ಳುವುದು.

(ಇ) ಬದಲಿಸಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟುಬರಬಾರದು. ಅದರಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳು ಉಳಿದಿರುತ್ತವೆ. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಪೂರ್ಣವಾಗಿ ನಾಶವಾಗುವುದಿಲ್ಲ.

(ಈ) ಬಯಾಸಿನಲ್ಲಿ ಏನನ್ನಾದರೂ ಬದಲಿಸುವ ಮುನ್ನ ಮೂಲ ಸ್ಥಿತಿಯ ಪರದೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುವುದು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು.

8. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಅರ್ಜಿ ಸಲ್ಲಿಸಲು ಇಂದೇ ಕೊನೆಯ ದಿನ. ಯಂತ್ರ ಆರಂಭವಾಗುತ್ತಿಲ್ಲ. ಏನು ಮಾಡಬೇಕು?
ಉತ್ತರ: ಆ ದಿನ ದುರಸ್ತಿಗೆ ತೊಡಗಬಾರದು. ಪೆನ್ ಡ್ರೈವಿನಲ್ಲಿರುವ ಅಥವಾ ಡಿಜಿಲಾಕರ್‌ನಲ್ಲಿರುವ ದಾಖಲೆಗಳೊಂದಿಗೆ ಹತ್ತಿರದ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರವನ್ನು ಸಂಪರ್ಕಿಸುವುದು. ದಾಖಲೆಗಳ ಒಂದು ಪ್ರತಿಯನ್ನು ಯಂತ್ರದ ಹೊರಗೆ ಇಟ್ಟುಕೊಂಡವರಿಗೆ ಮಾತ್ರ ಈ ಮಾರ್ಗ ಸುಲಭ.

ಪ್ರಶ್ನೆ: ಹೊಸ ಯಂತ್ರ ಖರೀದಿಸುವುದು ಒಳಿತೋ, ಎಸ್‌ಎಸ್‌ಡಿ ಹಾಕಿಸುವುದು ಒಳಿತೋ?
ಉತ್ತರ: ವಿಳಂಬವು ಎರಡನೆಯ ಹಂತದಲ್ಲಿದ್ದು, ಯಂತ್ರದ ಉಳಿದ ಭಾಗಗಳು ಸರಿಯಿದ್ದಲ್ಲಿ ಎಸ್‌ಎಸ್‌ಡಿಯಿಂದ ಕಡಿಮೆ ವೆಚ್ಚದಲ್ಲಿ ಹೆಚ್ಚು ಪ್ರಯೋಜನ ದೊರೆಯುತ್ತದೆ. ಆದರೆ ವಿಂಡೋಸ್ 10 ರ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025 ರಂದು ಮುಗಿದಿದೆ. ತಮ್ಮ ಯಂತ್ರವು ವಿಂಡೋಸ್ 11 ಕ್ಕೆ ಅರ್ಹವಾಗಿದೆಯೇ ಎಂಬುದನ್ನು ವಿಚಾರಿಸಿಕೊಂಡು ವೆಚ್ಚ ಮಾಡತಕ್ಕದ್ದು.

ಪ್ರಶ್ನೆ: ಫಾರ್ಮ್ಯಾಟ್ ಮಾಡಿಸಿದ ನಂತರ ಒಂದು ತಿಂಗಳು ಸರಿಯಿತ್ತು. ಮತ್ತೆ ನಿಧಾನವಾಗಿದೆ. ಏಕೆ?
ಉತ್ತರ: ಮೂಲ ಕಾರಣವು ಕೇಬಲ್, ಬ್ಯಾಟರಿ ಅಥವಾ ಕೆಡುತ್ತಿರುವ ಡಿಸ್ಕ್ ಆಗಿದ್ದಲ್ಲಿ ಫಾರ್ಮ್ಯಾಟ್‌ನಿಂದ ಅದು ಹೋಗುವುದಿಲ್ಲ. ಕ್ರಮಾಂಕ 3 ರಂತೆ ಹಂತವಾರು ಸಮಯವನ್ನು ಬರೆದು ಪರಿಶೀಲಿಸುವುದು.

9. ಸೂಚನೆ

ಮೇಲ್ಕಂಡ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಮಾತ್ರ ಪ್ರಕಟಿಸಲಾಗಿದೆ. ಪರದೆಯ ಮೇಲಿನ ಆಯ್ಕೆಗಳ ಹೆಸರು ಮತ್ತು ಸ್ಥಾನವು ಯಂತ್ರದ ತಯಾರಿಕೆಗೆ ಅನುಗುಣವಾಗಿ ಬದಲಾಗಬಹುದು. ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ತಾವೇ ಬಿಚ್ಚದೆ ಅಧಿಕೃತ ಸೇವಾ ಕೇಂದ್ರಕ್ಕೆ ನೀಡತಕ್ಕದ್ದು. ಅರ್ಜಿದಾರರು ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ, ಸ್ವೀಕೃತಿ ಪತ್ರದ ಒಂದು ಮುದ್ರಿತ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕೆಂದು ಕೋರಲಾಗಿದೆ.